ಪಿ.ಪಿ. ನಂಬರ್

ಕುತೈಸಿಯ ಪೊಲೀಸ್ ಠಾಣೆಗೆ ಗಾಜಿನ ಗೋಡೆ.
ಒಳಗೆ ಕೂತ ನನ್ನ ಪೆಚ್ಚುಮೋರೆ
ಬೀದಿನಾಯಿಗೂ ಕಾಣುತ್ತಿತ್ತು.

ಮ್ಜಿಯಾ ಅಂತೆ ಅವಳ ಹೆಸರು,
ಮೊದಲಕ್ಷರ ನನ್ನ ನಾಲಿಗೆಗೆ ದಕ್ಕಲಿಲ್ಲ.
ಅವಳು ಫೋನಿಗೆ ಪಿಸುಗುಟ್ಟುತ್ತಾಳೆ,
ಅದು ಗಂಡುದನಿಯ ಇಂಗ್ಲಿಷಿನಲ್ಲಿ
ನನ್ನನ್ನು ಗದರುತ್ತದೆ: ಕಳೆದದ್ದು ಏನು?

ಚೀಲ. ಮಿನಿಬಸ್ಸಿನ ಸೀಟಿನಡಿ ಬಿಟ್ಟೆ.
ಬಣ್ಣ?
ಬದನೆಕಾಯಿ ಬಣ್ಣ, ಎಂದೆ.
ಅವಳ ಹುಬ್ಬು ಮೇಲೇರಿತು.
ಎಷ್ಟು ಕಿಲೋ, ಎಂದಿತು ಫೋನು.

ಒಳಗೆ ಪಾಸ್‌ಪೋರ್ಟು, ನನ್ನ ಫೋನು, ಇನ್ನೂರು ಲಾರಿ
(ಇಲ್ಲಿ ದುಡ್ಡಿಗೇ ಲಾರಿ ಅನ್ನುತ್ತಾರೆ, ನಗಬೇಡಿ),
ಬಿಪಿ ಮಾತ್ರೆ, ಓದುವ ಕನ್ನಡಕ,
ಅರ್ಧ ಪೊಟ್ಟಣ ಕೋಡುಬಳೆ.
ಕೋಡುಬಳೆಗೆ ಅವರಲ್ಲಿ ಕಾಲಂ ಇಲ್ಲ.

ಗುರುತಿನ ಚಿಹ್ನೆ?
ಎಡಮೊಣಕೈ ಮೇಲೊಂದು ಕಪ್ಪು ಮಚ್ಚೆ,
ಒಪ್ಪಿಸಿಬಿಟ್ಟೆ ಶಾಲೆಯ ಟೀಸಿಯಲ್ಲಿದ್ದ ಹಾಗೆ.
ಅವಳು ಕೇಳಿದ್ದು ಚೀಲದ್ದು.

ರಾಯಭಾರ ಕಚೇರಿ ಇರುವುದು ರಾಜಧಾನಿಯಲ್ಲಿ.
ಇವತ್ತು ಶುಕ್ರವಾರ, ಸಂಜೆ ಆರೂಕಾಲು.
ಸೋಮವಾರ ಬಾಗಿಲು ತೆರೆಯುವ ತನಕ
ನಾನು ನಾನೇ ಎಂದು
ನಾನು ಹೇಳಿದರೆ ಸಾಲದು.

ಮನೆಯವರಿಗೆ ಮಾಡು, ಎಂದು
ಮೇಜಿನ ಫೋನನ್ನು ನನ್ನತ್ತ ತಿರುಗಿಸಿದಳು.
ಬೆರಳೆತ್ತಿದೆ.
ಗಂಡನದು ಒಂಬತ್ತು, ಎಂಟು, ನಾಲ್ಕು... ಆಮೇಲೆ ಮಂಜು.
ಮಗಳದು ಅಷ್ಟೂ ಇಲ್ಲ.
ಎಲ್ಲರನ್ನೂ ಬರೀ ಹೆಸರು ಮಾಡಿ
ಆ ಚೀಲದೊಳಗಿನ ಫೋನಿಗೆ ಒಪ್ಪಿಸಿ ನಿಶ್ಚಿಂತಳಾಗಿದ್ದೆ.

ತಳ ಕೆರೆದಾಗ ಸಿಕ್ಕಿದ್ದು ಒಂದೇ ಒಂದು:
ಎರಡು ಎರಡು ಆರು ಸೊನ್ನೆ ಏಳು.
ಪಕ್ಕದ ಹಿಟ್ಟಿನ ಗಿರಣಿಯದು.
ಯಾವ ಅರ್ಜಿ ಬಂದರೂ ಅದನ್ನೇ ಬರೆದು
ಮುಂದೆ ಪಿ.ಪಿ. ಎಂದು ಸೇರಿಸುತ್ತಿದ್ದೆವು.
ಗಫಾರ್ ಸಾಬರು ರಿಸೀವರ್ ಕೆಳಗಿಟ್ಟು,
ರೆಪ್ಪೆಯ ಮೇಲೆಲ್ಲ ರಾಗಿಹಿಟ್ಟು,
ಕಾಂಪೌಂಡಿನ ಆಚೆಯಿಂದ ಕೂಗಿದರೆ
ಅಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಓಡುವಳು.

ಗಿರಣಿ ನಿಂತು ಇಪ್ಪತ್ತು ವರ್ಷವಾಯಿತು.
ಸಾಬರೂ ಇಲ್ಲ. ನನಗೆ ಗೊತ್ತು.
ಆದರೂ ಅಂಕಿ ಹೇಳಿದೆ.
ಮ್ಜಿಯಾ ಹಿಂದೆ ತೊಂಬತ್ತೊಂದು ಹಚ್ಚಿ
ಒಂದೊಂದೇ ಒತ್ತಿದಳು, ಕಿವಿಗಿಟ್ಟು ಕಾದಳು.
ನಾನು ಎದ್ದು ನಿಂತಿದ್ದೆ.
ಕೈ ಒರೆಸಿಕೊಳ್ಳುತ್ತಿದ್ದೆ.

ಈ ಸಲ ಅವಳಿಗೆ ತನ್ನ ಫೋನು ಬೇಕಾಗಲಿಲ್ಲ,
ಸುಮ್ಮನೆ ತಲೆಯಾಡಿಸಿದಳು.

ಅರ್ಜಿಯಲ್ಲಿ ಖಾಲಿ ಉಳಿದದ್ದು ಸಂಪರ್ಕ ಸಂಖ್ಯೆ.
ಕ್ಷಣ ಯೋಚಿಸಿ ಅವಳು ಅಲ್ಲಿ
ತನ್ನದೇ ನಂಬರ್ ಬರೆದಳು.
ಪೆನ್ನು ಇಸಿದುಕೊಂಡು ನಾನು
ಮುಂದೆ ಕನ್ನಡದಲ್ಲಿ ಬರೆದೆ: ಪಿ.ಪಿ.

ಏನಿದು, ಎಂದು ಕಣ್ಣಲ್ಲೇ ಕೇಳಿದಳು.
ಇಂಗ್ಲಿಷಿನ ಗಂಡಸಿಗೆ ಇದು ತಿಳಿಯುವ ಮಾತಲ್ಲ.
ಗಾಜಿಗೆ ಮುಖ ಕೊಟ್ಟು, ಬಾಯಿಗೆ ಕೈಯೊಡ್ಡಿ
ಕೂಗಿಯೇಬಿಟ್ಟೆ:
ಸುಗುಣಾ... ಏ ಸುಗುಣಾ... ನಿಂಗೆ ಫೋನು!

ಆಚೆ ಬೀದಿಯಲ್ಲಿ
ಬ್ರೆಡ್ಡು ಹಿಡಿದು ಹೊರಟಿದ್ದ ಮುದುಕಿಯೊಬ್ಬಳು
ನಿಂತು, ತಿರುಗಿ ನೋಡಿದಳು.
ನಾಯಿಯೂ.