ಉಳಿದ ಹದಿನಾಲ್ಕು ನಿಮಿಷ

ಹುಲ್ಲು ಕತ್ತರಿಸುವ ಯಂತ್ರದ್ದಂತೆ, ಈ ಇಂಜಿನ್ನು.
ಶಿವಾಜಿನಗರದ ಗುಜರಿಯಲ್ಲಿ ತೂಗಿ ಕೊಟ್ಟರು, ನಾಲ್ಕು ಕೇಜಿ.
ನಿನ್ನ ಚಿಕ್ಕವನು ಹುಟ್ಟಿದಾಗ ಇಷ್ಟೇ ಇದ್ದ, ಅಂದಳು ನಾದಿನಿ.
ತಣಿಯುವ ರೆಕ್ಕೆಗಳ ಸಂದಿಯಲ್ಲಿ
ಯಾವುದೋ ಪಾರ್ಕಿನ ಒಂದೆಸಳು ಗರಿಕೆ, ಒಣಗಿ ಅಂಟಿಕೊಂಡು.
ಚಿಮಟದಲ್ಲಿ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಸೈಕಲ್ಲು ಮಾತ್ರ ನನ್ನದೇ.
ದಪ್ಪ ಟೈರು, ಎಮ್ಮೆಕೊಂಬಿನ ಹಾಗೆ ಅಗಲಕ್ಕೆ ಬಾಗಿದ ಹ್ಯಾಂಡಲು,
ನಡುಕಂಬಿಯ ಮೇಲೆ ತಗಡಿನ ಸುಳ್ಳು ಟ್ಯಾಂಕು,
ಪೆಟ್ರೋಲಿನ ಹನಿ ಕಾಣದ, ಬರೀ ಜಂಬದ ಟ್ಯಾಂಕು.
ಮದರಾಸಿನ ಬಂದರಿಂದ ತಂದದ್ದನ್ನು ಸೂಪರ್‌ವೈಸರ್ ಪಿಂಟೋ
ಎಪ್ಪತ್ತೊಂಬತ್ತರಲ್ಲಿ ನನಗೆ ಮಾರಿದರು, ಆರು ಕಂತಿಗೆ.
ಸೀರೆ ಸಿಕ್ಕದ ಹಾಗೆ ಚೈನಿಗೆ ಮುಚ್ಚಳವಿತ್ತು, ಅದಕ್ಕೇ ಕೊಂಡೆ.
ಉಳಿದ ಚಂದವೆಲ್ಲ ಬಿಟ್ಟಿ ಬಂತು.

ಮನೆಯಿಂದ ಜಾಲಹಳ್ಳಿ ಗೇಟಿಗೆ ಇಪ್ಪತ್ತೆರಡು ನಿಮಿಷ.
ಸೈರನ್ನಿಗೆ ತಪ್ಪಿದರೆ ಅರ್ಧ ದಿನದ ಸಂಬಳ ಕಟ್.
ಗಡಿಯಾರ ಮಾಡುವವರಿಗೆ
ಗಡಿಯಾರ ಕನಿಕರ ತೋರಿಸುವುದಿಲ್ಲ.

ಈಗ ಬಲಮಂಡಿ ಒಪ್ಪುತ್ತಿಲ್ಲ.
ಸ್ಕೂಟಿ ತಗೊಳ್ಳಿ ಅಂದರು ಡಾಕ್ಟರು. ಆಟೋ ಅಂದಳು ಸೊಸೆ.
ನಾನು ಮುದಸ್ಸಿರ್ ಅಂದೆ.

ಗಂಗಮ್ಮನಗುಡಿ ಸರ್ಕಲ್ಲಿನ ವೆಲ್ಡಿಂಗ್ ಹುಡುಗ.
"ಫ್ರೇಮಿಗೆ ಎರಡು ತೂತು ಹಾಕ್ಬಿಡ್ತೀನಿ ಆಂಟಿ, ಗಟ್ಟಿ ಕೂರುತ್ತೆ."
ನನ್ನ ಮೂಗು ಚುಚ್ಚಿದ್ದು ಸಾಕು, ಇದಕ್ಕೆ ಬೇಡ.
ಪಟ್ಟಿ ಬಗ್ಗಿಸು, ಒಳಗೆ ಹಳೇ ಟ್ಯೂಬು ಸುತ್ತು,
ಅಪ್ಪಿಕೊಂಡೇ ಇರಲಿ.

ಹಿಂದಿನ ಚಕ್ರದ ಎಡಕ್ಕೆ ಇನ್ನೊಂದು ಹಲ್ಲುಗಾಲಿ,
ಕಡ್ಡಿಗಳ ನಡುವೆ ಒಂಬತ್ತು ಬೋಲ್ಟು.
ಚೈನು ಹಾರಿತು. ಕೂರಿಸಿದೆವು.
ಮತ್ತೆ ಹಾರಿತು, ಹೋಗುವಾಗ ಎರಡು ಕಡ್ಡಿ ಜೊತೆಗೆ ಕರೆದುಕೊಂಡು.
ಟ್ರಂಕು ತೆರೆದು ಕಣ್ಣುಗಾಜು ತಂದೆ,
ಬ್ಯಾಲೆನ್ಸ್ ಚಕ್ರ ಕೂರಿಸುವಾಗ ಹುಬ್ಬಿನಡಿ ಸಿಕ್ಕಿಸಿಕೊಳ್ಳುತ್ತಿದ್ದದ್ದು.
"ಆಂಟೀ, ಇದು ವಾಚಲ್ಲ, ಸೈಕಲ್ಲು!"
ಹೂ ಕಟ್ಟುವ ದಾರ ಎಳೆದು ಹಿಡಿದೆ:
ನೋಡು, ಅರ್ಧ ಮಿಲಿ ಆ ಕಡೆ.
ನಗು ನಿಲ್ಲಿಸಿ ವಾಷರು ಹುಡುಕಿದ.

ಸುಳ್ಳು ಟ್ಯಾಂಕಿಗೆ ಬೆಸುಗೆ ಬಿತ್ತು, ನಲ್ಲಿ ಬಂತು,
ಐವತ್ತು ವರ್ಷ ಆದಮೇಲೆ ಅದು ನಿಜವಾಯಿತು.
ಲೀಟರಿಗೆ ನಲವತ್ತು ಎಂಎಲ್ ಆಯಿಲ್ಲು,
ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು.

ವಾಚಿಗೆ ಸದ್ದು ಕೇಳಿಸದಿರುವುದೇ ಮರ್ಯಾದೆ.
ಇಪ್ಪತ್ತೆಂಟು ವರ್ಷ ಒಂದು ಬಡಿತ ಮಿಗದ ಹಾಗೆ ನೋಡಿಕೊಂಡ ಬೆರಳು
ಸೆಕೆಂಡಿಗೆ ಅರವತ್ತು ಸಲ ಸಿಡಿಯುವ ಈ ಪೋಕರಿಯ
ಕಿವಿ ಹಿಂಡುತ್ತ ಕೂತಿದೆ.

ಬೆಳಿಗ್ಗೆ ಐದಕ್ಕೇ ಹೊರಟೆ, ಟ್ರಾಫಿಕ್ ಪೊಲೀಸರು ಏಳುವ ಮುಂಚೆ.
ಸುಮ್ಮನೆ ಕೂತರೆ ಇದು ಹೊರಡುವುದಿಲ್ಲ.
ಮೊದಲು ನಾನೇ ತುಳಿಯಬೇಕು, ಏಳೆಂಟು ಸುತ್ತು,
ಮಂಡಿ ಬೈಯುತ್ತಿರುವಾಗಲೇ ಕ್ಲಚ್ಚು ಬಿಡಬೇಕು.
ಬಿಟ್ಟೆ.
ಒಮ್ಮೆ ತೇಗಿತು. ಆಮೇಲೆ
ಬೀದಿಯ ನಾಯಿಗಳೆಲ್ಲ ನನ್ನ ಹಿಂದೆ.
ಸುಟ್ಟ ಗರಿಕೆಯ ವಾಸನೆ ಕ್ಷಣ ಮೂಗಿಗೆ ಬಡಿದು ಹೋಯಿತು.
ಹಾಲಿನ ವ್ಯಾನು, ಮಳೆಮರಗಳ ಸಾಲು,
ದಿನಾ ಇಳಿದು ತಳ್ಳುತ್ತಿದ್ದ ಆ ಏರು—
ಏರು ಅಂತ ಗೊತ್ತೇ ಆಗಲಿಲ್ಲ.

ಎಂಟು ನಿಮಿಷಕ್ಕೆ ಗೇಟು.
ಗೇಟಿಗೆ ಬೀಗ. ಸೈರನ್ನಿನ ಕಂಬದ ಮೇಲೆ ಹದ್ದು.
ಕೈಯಲ್ಲಿ ಹದಿನಾಲ್ಕು ನಿಮಿಷ,
ಕಂಡಕ್ಟರು ಮರೆತು ಹೆಚ್ಚಿಗೆ ಕೊಟ್ಟ ಚಿಲ್ಲರೆಯ ಹಾಗೆ.
ಎಂಬತ್ತಾರರ ಜುಲೈಯಲ್ಲಿ ಒಂದು ಬೆಳಿಗ್ಗೆ
ಜ್ವರದ ಕೂಸನ್ನು ಅರ್ಧ ಹಾಲಿಗೇ ಬಿಡಿಸಿ ಓಡಿದ್ದೆ.
ಅಲ್ಲಿಗೆ ಬೇಕಿತ್ತು ಇವು.

ಕಾವಲಿನ ಹುಡುಗ ಕಂಬಳಿ ಹೊದ್ದೇ ಬಂದ,
ಒಡಿಶಾದವನು, ಕನ್ನಡ ಇನ್ನೂ ಹೊಸದು.
"ಎಷ್ಟು ಕೊಡ್ತದೆ, ಅಮ್ಮಾ?"
ಮೈಲೇಜು ಕೇಳುತ್ತಿದ್ದಾನೆ ಅಂತ ತಿಳಿಯಲು ತುಸು ಹೊತ್ತಾಯಿತು.
ಅಳೆದಿಲ್ಲ ಕಣಪ್ಪ, ಅಂದೆ.

ಮರಳುವಾಗ ಹೊತ್ತಿಕೊಳ್ಳಲಿಲ್ಲ.
ಕಂಬಳಿ ಗೇಟಿಗೆ ಎಸೆದು ಅವನೇ ದಬ್ಬಿದ,
ಚಪ್ಪಲಿ ಪಟಪಟ ಬಡಿಸುತ್ತ, ಈಗ ಬಿಡಿ, ಈಗ ಬಿಡಿ ಅಂತ ಕೂಗುತ್ತ.
ಬಿಡುವುದು ಯಾವಾಗ ಅಂತ ಅವನಿಗೆ ಗೊತ್ತಿಲ್ಲ.
ನನಗೆ ಗೊತ್ತು:
ಇನ್ನೂ ನಾಲ್ಕು ಹೆಜ್ಜೆ.