ಕಚ್ಚು

ಮೊದಲು ಆ ಒಂಟೆತುಪ್ಪಳದ ಗವಸು ಬಿಚ್ಚಿ, ಮೇಷ್ಟ್ರೇ.
ಬಿಚ್ಚಿ, ಇಗೋ ಈ ಬಿಸಿನೀರ ಕೊಳವೆ ಮುಟ್ಟಿ.
ಚಟ್ಟೆಂದಿತೇ? ಅದೇ.
ಉಲಾನ್‌ಬಾತರಿನ ಜನವರಿ
ಉಣ್ಣೆಯೊಳಗೆ ಮರಿಸಿಡಿಲು ಸಾಕಿಕೊಂಡಿರುತ್ತದೆ.
ನಿಮಗದು ಇರುವೆ ಕಡಿದಷ್ಟು,
ಈ ಹಸಿರು ಕಡ್ಡಿಗೆ ಪ್ರಾಣ.

ಈಗ ತೋರಿಸಿ.
ಗಡಿಯ ಝಮೀನ್-ಊದ್‌ನಿಂದ ಭಾವಮೈದ ರೈಲಿಗೆ ಹಾಕಿದ್ದು,
ಅರ್ಧ ಬೆಲೆ, ಒಣಮೊಸರಿನ ಗಟ್ಟಿಗಳ ಚೀಲದಲ್ಲಿ.
(ಒರೆಸಿದರೂ ಹುಳಿವಾಸನೆ ಹೋಗಿಲ್ಲ.)
ಹಲ್ಲೆಣಿಸಿದ್ದೀರಿ, ಇನ್ನೂರ ಎಂಬತ್ತೆಂಟು,
ಗೂಡಿನಲ್ಲೂ ಅಷ್ಟೇ ಎಂದು
ಹೆಬ್ಬೆಟ್ಟು ಊರಿ ದಬ್ಬಿದ್ದೀರಿ.
ಭೌತಶಾಸ್ತ್ರ ಕಲಿಸುವ ಬ್ಯಾಂಬದೋರ್ಜ್ ಮೇಷ್ಟ್ರು!
ಲೆಕ್ಕ ಸರಿಯಿತ್ತು,
ಕಚ್ಚು ನೋಡಲಿಲ್ಲ.
ಇದರ ಕಚ್ಚು ಇಲ್ಲಿ, ಗೂಡಿನದು ಒಂದಿಷ್ಟೇ ಆಚೆ.
ಇದು ನಾಲ್ಕನೆಯ ತಲೆಮಾರು.
ನಿಮ್ಮ ಹೊಸ ಪ್ರೊಸೆಸರು
ಐದನೆಯದರ ಜೊತೆಗಷ್ಟೇ ಮಾತಾಡುವುದು.

ಹಾಗಾದರೆ ಅದನ್ನೇ ನಾಲ್ಕು ಕೊಡಿ,
ಗೂಡು ನಾಲ್ಕಿವೆಯಲ್ಲ ಎನ್ನುತ್ತೀರಿ.
ಕೊಡಬಹುದು. ನನಗೂ ಈ ತಿಂಗಳ ಬಾಡಿಗೆ ಬಾಕಿ ಇದೆ.
ಆದರೆ ನಾಲ್ಕನ್ನು ಹೂಡಿದರೆ
ನೊಗ ಭಾರ, ನಡೆ ನಿಧಾನ.
ಎರಡು ಸಾಕು. ಒಂದೇ ಪೊಟ್ಟಣದಲ್ಲಿ ಬಂದ ಎರಡು.
ಒಂದಿಲ್ಲಿ ಕೊಂಡು ಇನ್ನೊಂದು ಅಗ್ಗಕ್ಕೆ ಅಲ್ಲಿ ಕೊಂಡು ಕಟ್ಟಿದರೆ
ಎತ್ತು ಏರಿಗೆ, ಕೋಣ ನೀರಿಗೆ.
ಓಡುವುದು ಕುಂಟುವುದರ ಹೆಜ್ಜೆಗೆ ಇಳಿದೀತು;
ಇಳಿಯದಿದ್ದರೆ ನಡುರಾತ್ರಿ,
ಪ್ರಶ್ನೆಪತ್ರಿಕೆಯ ಹನ್ನೊಂದನೆಯ ಪ್ರಶ್ನೆಗೆ,
ನೀಲಿ ಪರದೆ.

ಇದು ಬೋರ್ಡು ಮಾಡಿದವರ ಪಟ್ಟಿ. ಸಣ್ಣ ಅಕ್ಷರ, ಕನ್ನಡಕ ಇದೆಯೇ?
ಪಟ್ಟಿಯಲ್ಲಿಲ್ಲದ್ದೆಲ್ಲ ಕೆಟ್ಟದ್ದೇನಲ್ಲ,
ಯಾರೂ ಕೂರಿಸಿ ನೋಡಿಲ್ಲ, ಅಷ್ಟೆ.
ಆದರೂ ನಿಮ್ಮದು ಸಂಬಳದ ದುಡ್ಡು. ಒಳಗಿನದೇ ಒಯ್ಯಿರಿ.
ಎಂಟು ಸಾವಿರ ಎಂದು ಕೆಂಪು ದೀಪ ಮಿನುಗಿಸುವುದು ಬೇಡ,
ಆರು ಸಾವಿರದ್ದು, ಕಪ್ಪು ಅಂಗಿಯದು.
ಇದಕ್ಕೆ ಮೆಮೊರಿ ಎಂದು ಯಾರು ಹೆಸರಿಟ್ಟರೋ!
ಕರೆಂಟು ಹೋದ ಗಳಿಗೆ
ಹೆತ್ತವರನ್ನೂ ಮರೆವ ಜಾತಿ.

ಎರಡನೆಯ ಗೂಡು, ನಾಲ್ಕನೆಯ ಗೂಡು.
ಟಕ್.
ಟಕ್.
ಸ್ವಿಚ್ಚು ಒತ್ತಿ.

ಕತ್ತಲೆ.

ಫ್ಯಾನು ತಿರುಗುತ್ತಿದೆ, ಪರದೆ ಕತ್ತಲೆ.
ಕೈ ತೆಗೆಯಿರಿ ಮೇಷ್ಟ್ರೇ, ಆರಿಸಬೇಡಿ!
ಎಲ್ಲರೂ ಇಲ್ಲೇ ಕೆಡಿಸುವುದು.
ಹಿಡಿಯಿರಿ, ಉಪ್ಪು ಹಾಕಿದ ಚಹಾ, ಕುಡಿಯುತ್ತ ಕೂರಿ.
ಒಳಗೆ ಅವೆರಡೂ ಒಂದನ್ನೊಂದು ಅರಿತುಕೊಳ್ಳುತ್ತಿವೆ.
ಇದು ಒಂದು ಮಾತು ಕಳಿಸುತ್ತದೆ, ಅದು ಹಿಂದಿರುಗಿಸುತ್ತದೆ.
ಬೇಗವಾಯಿತೇ? ತಡವಾಯಿತೇ?
ಒಂದು ಕೂದಲು ಹಿಂದೆ. ಮತ್ತೆ ಹೇಳು.
ಅರ್ಧ ಕೂದಲು ಮುಂದೆ. ಮತ್ತೆ.

ಆಚೆ ಮೇಜಲ್ಲಿ ಬೆಸುಗೆ ಹಾಕುತ್ತಾಳಲ್ಲ, ಕುಲ್ಯಾಷ್,
ಪಶ್ಚಿಮದ ಬೆಟ್ಟಸೀಮೆಯ ಕಜಾಕಳು.
ಮಳಿಗೆ ಹಂಚಿಕೊಂಡ ಮೊದಲ ಚಳಿಗಾಲ
ನಾನು ಮೊಳೆ ಎಂದರೆ ಅವಳು ಸೂಜಿ ತರುತ್ತಿದ್ದಳು.
ನಾನು ನಕ್ಕರೆ, ಮೂರು ಉಸಿರಾದ ಮೇಲೆ ಅವಳ ನಗು.
ಗಿರಾಕಿಗಳು ಅಂದರು, ತ್ಸೆವೆಲ್ಮಾ,
ಇವಳು ಆಗಿಬರುವುದಿಲ್ಲ, ಬಿಡಿಸಿಬಿಡು.
ಈಗ ನಾನು ಕೈ ಚಾಚುತ್ತೇನೆ, ಏನೂ ಅನ್ನುವುದಿಲ್ಲ,
ಬೇಕಾದ ಸ್ಕ್ರೂಡ್ರೈವರೇ ಅಂಗೈಗೆ ಬರುತ್ತದೆ.
ಒಂಬತ್ತು ವರ್ಷ.
ಜಗಳ ಮಾತ್ರ ಇಬ್ಬರೂ ನಮ್ಮ ನಮ್ಮ ಭಾಷೆಯಲ್ಲೇ.

ಅಗೋ. ಬಂತು.
ಮೂವತ್ತೆರಡು ಜಿಬಿ, ಓದಿಕೊಳ್ಳಿ ನೀವೇ.
ನಿಮ್ಮ ಮುಖ ಈಗ ಪಾಸಾದ ಹುಡುಗನದು.

ಆ ಹಳೆಯ ಎರಡು ಕಡ್ಡಿ ಕಸಕ್ಕಲ್ಲ, ಇಲ್ಲಿ ಬಿಡಿ.
ಈ ಡ್ರಾಯರಿನಲ್ಲಿ ಅಂಥವು ನೂರಿವೆ.
ಅವುಗಳ ಕಚ್ಚಿನ ಯಂತ್ರ ಹೊತ್ತು
ಯಾರಾದರೂ ಬರುತ್ತಾರೆ.

ಹೋದರು.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕೌಂಟರಿನ ಮೇಲೆ ಒಂದೇ ಗವಸು, ಎಡಗೈಯದು,
ಬೆರಳುಗಳಲ್ಲಿ ಇನ್ನೂ ಅವರ ಕೈಯ ಆಕಾರ.
ಕುಲ್ಯಾಷ್ ಆಗಲೇ ಬಾಗಿಲಾಚೆ ಓಡಿದ್ದಾಳೆ,
ನಾನು ಹೇಳುವ ಮೊದಲೇ,
ಗವಸು ಒಯ್ಯುವುದನ್ನು ಮರೆತು.