ಹೊಟ್ಟೆ

ಹೊಟ್ಟೆ ಮಾತ್ರ ಕೊಡು, ಅಂದಳು ಹುಡುಗಿ.
ಇಡೀ ಮೀನಿನ ದುಡ್ಡು ಕೊಡುತ್ತೇನೆ,
ಮಾಂಸ ನೀನೇ ಇಟ್ಟುಕೋ.
ಎಲ್ಮಿನಾ ದಡದಲ್ಲಿ ಇಂಥ ಗಿರಾಕಿಯನ್ನು
ನಾನಂತೂ ಕಂಡವಳಲ್ಲ.
ಇಪ್ಪತ್ತು ಬೂತಾಯಿ ಸೀಳಿ
ಕಾಗೆಗೂ ಬೆಕ್ಕಿಗೂ ಹೋಗಬೇಕಿದ್ದುದನ್ನು
ಅವಳ ಗಾಜಿನ ಶೀಶೆಗೆ ತುಂಬಿಸಿದೆ.
ಒಬ್ಬೊಬ್ಬರದು ಒಂದೊಂದು ಹೊಟ್ಟೆಪಾಡು.

ಮತ್ತೆ ಬಂದದ್ದು ಮಂಗಳವಾರ.
ಅಂದು ಕಡಲಿಗೆ ರಜೆ, ದೋಣಿ ಇಳಿಯುವುದಿಲ್ಲ.
ನನ್ನ ಗಂಡ ಎಬೋ ಮರಳಲ್ಲಿ ಕಾಲು ಚಾಚಿ
ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು
ಹರಿದದ್ದನ್ನು ಹೆಣೆಯುತ್ತಿದ್ದ.

ಹುಡುಗಿ ಫೋನಿನಲ್ಲಿ ಚಿತ್ರ ತೋರಿಸಿದಳು:
ಕೂದಲಿಗಿಂತ ಸಣ್ಣ ಎಳೆ, ನೀಲಿ.
ಏಳು ಮೀನಿನಲ್ಲಿ ಇತ್ತಂತೆ.
ದೊಡ್ಡ ಟ್ರಾಲರಿನವರದು, ಅಂದೆ ನಾನು,
ಇಲ್ಲಾ, ಪಟ್ಟಣದ ಮೋರಿಯದು.
ಬೈಯಲು ಬಾಯಿತುಂಬ ಹೆಸರಿದ್ದವು.

ಎಬೋ ಫೋನು ಇಸಕೊಂಡ,
ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ,
ತೊಡೆ ಮೇಲಿನ ಬಲೆ ನೋಡಿದ.
ಏನೂ ಅನ್ನಲಿಲ್ಲ.
ಗಂಟು ಬಿಗಿದು, ದಾರದ ತುದಿಯನ್ನು
ಎಂದಿನಂತೆ ಹಲ್ಲಲ್ಲಿ ಕಡಿದು
ಉಗಿಯಲು ಹೋದವನು
ಉಗಿಯಲಿಲ್ಲ.
ಅಂಗೈಗೆ ತೆಗೆದುಕೊಂಡ ಆ ಚೂರು ನೀಲಿಯನ್ನು;
ಎಲ್ಲಿ ಹಾಕುವುದು ಎಂಬಂತೆ
ನನ್ನ ಮುಖ ನೋಡಿದ.